ಕೋರಂಗೆ ಒಬ್ಬರು ಕಡಿಮೆ

"ಅರ್ಧ ಮಡಚಿ ಗೋಡೆಗೆ ಒರಗಿಸಿಡಿ," ಎಂದಳು ಅವಳು.

ಕುರ್ಚಿ ತಂದವನು ಎರಡು ಕೈಯಲ್ಲಿ ಎರಡು ಕುರ್ಚಿ ಹಿಡಿದು ಹಾಗೇ ನಿಂತ. ಅಂಗಳದ ಉದ್ದಕ್ಕೂ ಸಾಲಾಗಿ ಹಾಕಿಕೊಂಡು ಬಂದಿದ್ದವನಿಗೆ ಈ ಮಾತು ತಲೆಗೆ ಹತ್ತಲಿಲ್ಲ.

"ಅಲ್ಲಮ್ಮ, ಸಾವಿನ ಮನೆ. ಜನ ಬರ್ತಾರಲ್ಲ?"

"ಬಂದಾಗ ಬಿಚ್ಚಿದ್ರಾಯ್ತು. ಕುರ್ಚಿ ಕಡಿಮೆ ಇದ್ರೆ ಜನ ಜಾಸ್ತಿ ಕಾಣ್ತಾರೆ. ಖಾಲಿ ಕುರ್ಚಿ ನೋಡಿದ್ರೆ ಬಂದೋರೂ ಎದ್ದು ಹೋಗ್ತಾರೆ."

ಆಡಿದ ಮೇಲೆ ಗೊತ್ತಾಯಿತು, ಅದು ತನ್ನ ಮಾತಲ್ಲ, ಗಂಡನದು. ಮದುವೆಯಾದಾಗಿನಿಂದ ಕೇಳಿ ಕೇಳಿ ಬಾಯಿಗೆ ಅಂಟಿಕೊಂಡಿತ್ತು. ಗಂಡ ಒಳಗೆ ಹಜಾರದಲ್ಲಿ, ಶವದ ವ್ಯಾನಿನವರು ಇಳಿಸಿದ ಸ್ಟ್ರೆಚರಿನ ಮೇಲೆ, ಎದೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕುರ್ಚಿಗಳು ಅವನೇ ಹೇಳಿ ತರಿಸಿದ್ದವು. ಇವತ್ತು ಗ್ರಂಥಪಾಲಕರ ರಾಷ್ಟ್ರೀಯ ಸಂಘದ ವಾರ್ಷಿಕ ಸಭೆ. ನಿನ್ನೆ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಸಾಲು ಸರಿಮಾಡುತ್ತಿದ್ದವನು, ಸುಸ್ತಾಯಿತು ಅಂತ ಒಂದು ಕುರ್ಚಿಯಲ್ಲಿ ಕೂತ. ಮತ್ತೆ ಏಳಲಿಲ್ಲ. ಸಭಾಂಗಣದ ಕುರ್ಚಿಗಳೇ ಬೆಳಿಗ್ಗೆ ಟೆಂಪೊ ಹತ್ತಿ ಮನೆಗೆ ಬಂದವು.

ಅವನಿಗೆ ಸಂಘದಲ್ಲಿ ಇದ್ದ ಹುದ್ದೆ ಸಂಘಟನಾ ಕಾರ್ಯದರ್ಶಿಯದು. ಇದ್ದ ಹೆಸರು ಮಾತ್ರ ಕೋರಂ. ಸಭೆ ನಡೆಯಬೇಕಾದರೆ ವೋಟಿರುವ ಐವತ್ತು ಮಂದಿ ಸದಸ್ಯರು ಎದುರಿಗೆ ಕೂತಿರಲೇಬೇಕು, ಅದು ಕೋರಂ. ಒಬ್ಬರು ಕಡಿಮೆಯಾದರೂ ಅಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ಆ ಐವತ್ತು ತಲೆ ಹೊಂದಿಸುವುದರಲ್ಲಿ ಅವನ ಆಯುಷ್ಯ ಸವೆಯಿತು. ಗ್ರಂಥಪಾಲಕರನ್ನು ಒಂದು ಕಡೆ ಸೇರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಊರಿನವರಿಗೆಲ್ಲ ಸುಮ್ಮನೆ ಕೂತುಕೊಳ್ಳಿ ಎಂದು ಹೇಳುವ ಜನ, ತಾವು ಮಾತ್ರ ಎಲ್ಲೂ ಬಂದು ಕೂರುವುದಿಲ್ಲ. "ಪುಸ್ತಕ ಒಯ್ದೋರೂ ಅಷ್ಟೇ, ಸದಸ್ಯರೂ ಅಷ್ಟೇ. ಬೆನ್ನು ಹತ್ತದೇ ಇದ್ರೆ ವಾಪಸ್ ಬರಲ್ಲ," ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮೊದಲ ಕೆಲಸ ಫೋನು. ಯಾರದೋ ಹುಟ್ಟುಹಬ್ಬ, ಯಾರಿಗೋ ವರ್ಗ, ಯಾರದೋ ಮಂಡಿ ಆಪರೇಷನ್ನು, ಯಾರ ಮಗನದೋ ಪರೀಕ್ಷೆ. ದೇಶದ ಯಾವ ಮೂಲೆಯ ಗ್ರಂಥಾಲಯದಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಅವನಿಗೆ ಗೊತ್ತಿತ್ತು. ಹೆಂಡತಿಗೂ ಅದೇ ಕಾಯಿಲೆ ಬಂದಿದೆ ಎಂಬುದು ಮಾತ್ರ ವರ್ಷ ಕಳೆದ ಮೇಲೆ ತಿಳಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ. "ಅಮ್ಮನ ಹುಟ್ಟಿದಬ್ಬ ಅಪ್ಪ ಯಾಕೆ ನೆನಪಿಟ್ಕೊಳ್ಳಲಿ? ಅಮ್ಮನಿಗೆ ವೋಟಿಲ್ವಲ್ಲ," ಎಂದು ಮಗಳು ನಗಿಸುತ್ತಿದ್ದಳು.

"ಇಷ್ಟೊತ್ತೂ ಯಾಕೆ ಫೋನು?" ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧ: "ಸತ್ರೆ ಹೊರೋಕೆ ನಾಲ್ಕು ಜನ ಬೇಕಲ್ಲಪ್ಪ."

ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಜನ ಏನು, ಅಂಗಳವೇ ತುಂಬಿತು. ಸಭೆಗೆಂದು ಬೇರೆ ಬೇರೆ ಊರುಗಳಿಂದ ಬಂದು ಲಾಡ್ಜುಗಳಲ್ಲಿ ಇಳಿದಿದ್ದವರು, ಸಭೆಯಿದ್ದರೆ ಊರು ನೋಡಲು ಹೋಗುತ್ತಿದ್ದವರು, ಸಾವೆಂದು ಕೇಳಿ ನೇರ ಇಲ್ಲಿಗೇ ಬಂದರು. ಮಡಚಿಟ್ಟ ಕುರ್ಚಿಗಳೆಲ್ಲ ಬಿಚ್ಚಿಕೊಂಡವು. ಕೂತವರ ಮಂಡಿ ಮುಂದಿನವರ ಬೆನ್ನಿಗೆ ತಾಗುತ್ತಿತ್ತು. ಕೆಲವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಒಬ್ಬ ವಯಸ್ಸಾದವರು ಒಳಗೆ ಬಂದು, "ನನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ದಿನಾ ಕೇಳ್ತಿದ್ದದ್ದು ಇವರೊಬ್ರೇ ಕಣಮ್ಮ," ಎಂದು ಬಿಕ್ಕಿದರು. ಅವಳು ತಲೆಯಾಡಿಸಿದಳು.

ಮಗಳು ಕಿಟಕಿಯಿಂದ ನೋಡುತ್ತ, "ಅಮ್ಮಾ, ಯಾವತ್ತಾದ್ರೂ ಇಷ್ಟು ಜನ ಬಂದಿದ್ರಾ?" ಎಂದಳು.

"ಇಲ್ಲ."

"ಅಪ್ಪ ನೋಡಬೇಕಿತ್ತು."

"ನೋಡಿದ್ರೆ ಎಣಿಸೋಕೆ ಶುರು ಮಾಡ್ತಿದ್ರು," ಎಂದಳು ಅವಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾವುದನ್ನೂ ಪೂರ್ತಿ ಮಾಡಲಿಲ್ಲ.

* * *

ಮದುವೆಯಾದ ಹೊಸತರಲ್ಲಿ ಅವಳು ಒಂದು ಹೆಣ್ಣುಮಕ್ಕಳ ಶಾಲೆಯ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದಳು. ಸಹಾಯ ಮಾಡಲು ಅಲ್ಲಿ ಬೇರೆ ಗ್ರಂಥಪಾಲಕರು ಯಾರೂ ಇರಲಿಲ್ಲ. ಬೀಗ ತೆಗೆಯುವುದರಿಂದ ಹಿಡಿದು ಹರಿದ ಹಾಳೆಗೆ ಅಂಟು ಹಚ್ಚುವವರೆಗೆ ಎಲ್ಲ ಅವಳೇ. ಗ್ರಂಥಾಲಯದ ಡಿಗ್ರಿ ಮಾಡಿಕೊಳ್ಳಬೇಕು ಅಂತಿದ್ದಳು. ಮಗಳು ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಡಿಗ್ರಿ ಅಲ್ಲೇ ಉಳಿಯಿತು.

ಮೊದಲ ಸಲ ಸಂಘದ ಸಭೆಗೆ ಹೋದಾಗ ಬಾಗಿಲಲ್ಲಿ ಅವನೇ ನಿಂತು ಎಲ್ಲರಿಗೂ ರಿಬ್ಬನ್ನು ಚುಚ್ಚುತ್ತಿದ್ದ. ತನ್ನ ಎದೆಗೆ ಕೆಂಪು. ಅವಳ ಸೆರಗಿಗೆ ಬಿಳಿ.

"ಇದೇನು ಬೇರೆ ಬಣ್ಣ?"

"ನೀನು ಸಹ ಸದಸ್ಯೆ. ಡಿಗ್ರಿ ಇರೋರಿಗೆ ಕೆಂಪು, ಸಹಾಯಕರಿಗೆ ಬಿಳಿ. ಕೆಂಪಿನೋರು ಕೈ ಎತ್ತಬಹುದು, ಬಿಳಿಯೋರು ಕೂತು ಕೇಳಬಹುದು."

"ಮಾತಾಡಬಾರದಾ?"

"ಟೀ ಕೊಡೋ ಟೈಮಲ್ಲಿ ಎಷ್ಟು ಬೇಕಾದ್ರೂ ಮಾತಾಡು."

"ಅಂದ್ರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಅವನು ಜೋರಾಗಿ ನಕ್ಕ. ಅವಳು ನಗುತ್ತಿಲ್ಲ ಎಂದು ಕಂಡ ಮೇಲೆ ನಿಲ್ಲಿಸಿದ. ಅಕ್ಕಪಕ್ಕ ನೋಡಿ, ಅವಳ ಕೈಯನ್ನು ಒಮ್ಮೆ ಒತ್ತಿ, "ಈ ನಿಯಮ ತೆಗೆಸ್ತೀನಿ. ಇದೇ ಸಭೆಯಲ್ಲಿ ಒಂದಿನ ನಿನ್ನ ಕೈ ಎತ್ತಿಸ್ತೀನಿ, ನೋಡ್ತಿರು," ಎಂದ.

ಅವಳು ನಂಬಿದಳು. ಆಗ ನಂಬುವ ವಯಸ್ಸು. ಆ ದಿನ ಬಿಳಿ ರಿಬ್ಬನ್ನಿನ ಹೆಂಗಸರು ಗಂಡಸರೆಲ್ಲ ಸೇರಿ ಟೀ ಹಂಚಿದರು, ಕೊನೆಗೆ ಕುರ್ಚಿಯನ್ನೂ ಮಡಚಿದರು. ಮುಂದಿನ ವರ್ಷವೂ ಅವರೇ ಮಡಚಿದರು.

* * *

ಅಧ್ಯಕ್ಷರು ದೊಡ್ಡ ಹೂವಿನ ಚಕ್ರದ ಜೊತೆ ಬಂದರು. ಚಕ್ರವನ್ನು ಹಿಡಿದಿದ್ದವರು ಕಾನೂನು ಕಾಲೇಜಿನ ಗ್ರಂಥಪಾಲಕರು, ಸಂಘದ ನಿಯಮಗಳು ಅವರ ನಾಲಿಗೆ ತುದಿಯಲ್ಲಿದ್ದವು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಮನುಷ್ಯ. ಇಬ್ಬರೂ ಸ್ಟ್ರೆಚರಿನ ಮುಂದೆ ತಲೆ ಬಗ್ಗಿಸಿ ನಿಂತರು. "ಸಂಘದ ಬೆನ್ನೆಲುಬು ಹೋಯ್ತು ತಾಯಿ," ಎಂದರು ಅಧ್ಯಕ್ಷರು. ಅವಳು ಕೈ ಮುಗಿದಳು. ಅಧ್ಯಕ್ಷರು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಅಂಗಳದತ್ತ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಿಂದ ದುಃಖ ಇಳಿದು ಬೇರೇನೋ ಹತ್ತಿತು.

"ಎಷ್ಟಿದ್ದಾರ್ರೀ?" ಎಂದರು ಪಕ್ಕಕ್ಕೆ ತಿರುಗಿ.

ಕಿಟಕಿ ತೆರೆದಿತ್ತು. ಒಳಗೆ ಗಂಡನ ತಲೆದೆಸೆಯಲ್ಲಿ ಕೂತಿದ್ದ ಅವಳಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು.

"ಸುಮಾರು ಐವತ್ತಾಗಬಹುದು ಸಾರ್."

"ನೋಟಿಸು ಇವತ್ತಿನ ತಾರೀಖಿಗೇ ಹೋಗಿದೆಯಲ್ಲ?"

"ಇವತ್ತಿನ ತಾರೀಖೇ. ಜಾಗ ಬದಲಾದ್ರೆ ಅಡ್ಡಿ ಇಲ್ಲ ಅಂತ ನಿಯಮ ಇದೆ."

"ಹಾಗಾದ್ರೆ ಇಲ್ಲೇ ಮುಗಿಸಿಬಿಡೋಣ್ವಾ? ಆ ಒಂದು ತಿದ್ದುಪಡಿ ಮಾತ್ರ. ಇಷ್ಟು ಜನ ಇನ್ನೆಂದೂ ಸೇರಲ್ಲ. ಸೇರಿಸೋನೇ ಹೋದ."

ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅಧ್ಯಕ್ಷರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ತಿದ್ದುಪಡಿ ಏನೆಂದು ಅವಳಿಗೆ ಗೊತ್ತಿತ್ತು. ಗಂಡ ಎರಡು ತಿಂಗಳಿಂದ ಅದನ್ನೇ ಹೇಳಿಕೊಂಡು ನಿದ್ದೆಗೆಟ್ಟಿದ್ದ. ಇನ್ನು ಮುಂದೆ ಸರ್ವಸದಸ್ಯರ ಸಭೆ ಕರೆಯುವ ಅಗತ್ಯವಿಲ್ಲ, ಎಲ್ಲವನ್ನೂ ಅಧ್ಯಕ್ಷರ ಸಮಿತಿಯೇ ತೀರ್ಮಾನಿಸಬಹುದು ಎಂಬ ತಿದ್ದುಪಡಿ. ಅದು ಪಾಸಾದರೆ ಸಭೆಯಿಲ್ಲ, ಕೋರಂ ಇಲ್ಲ, ಕೈ ಎತ್ತುವ ಮಾತೇ ಇಲ್ಲ. ಬಿಳಿ ರಿಬ್ಬನ್ನಿನವರಿಗೂ ವೋಟು ಕೊಡಬೇಕೆಂದು ಗಂಡ ವರ್ಷವರ್ಷವೂ ಇಡುತ್ತಿದ್ದ ಠರಾವು ಅಲ್ಲಿಗೆ ಮುಗಿಯಿತು. ಆ ಠರಾವನ್ನು ಪಾಸು ಮಾಡಲು ಸಾಧ್ಯವಿದ್ದದ್ದು ಸರ್ವಸದಸ್ಯರ ಸಭೆಯೊಂದಕ್ಕೇ.

"ಅಮ್ಮಾ, ಇವರೇನು ಮಾತಾಡ್ತಿದ್ದಾರೆ?" ಎಂದಳು ಮಗಳು.

"ಸುಮ್ನಿರು. ಕೇಳೋಣ."

* * *

ಹೋದ ವರ್ಷ ಅಡುಗೆಮನೆಯಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದಳು.

"ನಮ್ಮ ಠರಾವನ್ನ ಈ ಸಲ ಮೊದಲು ಇಡ್ರಿ. ಪ್ರತಿ ಸಲ ಕೊನೇಲಿ ಯಾಕೆ?"

"ಮೊದಲು ಇಟ್ರೆ ಡಿಗ್ರಿ ಇರೋರು ಮುನಿಸ್ಕೊಂಡು ಎದ್ದು ಹೋಗ್ತಾರೆ. ಕೋರಂ ಒಡೆಯತ್ತೆ."

"ಕೊನೇಲಿಟ್ರೆ ಊಟಕ್ಕೆ ಎದ್ದು ಹೋಗ್ತಾರೆ."

"ಊಟಕ್ಕೆ ಹೋದೋರನ್ನ ಕರ್ಕೊಂಡು ಬರಬಹುದು ಕಣೆ. ಮುನಿಸ್ಕೊಂಡು ಹೋದೋರನ್ನ ಕರ್ಕೊಂಡು ಬರೋಕಾಗಲ್ಲ."

ಕೊನೆಯಲ್ಲೇ ಇಟ್ಟ. ಠರಾವಿನ ಸರದಿ ಬರುವಷ್ಟರಲ್ಲಿ ಊಟದ ವಾಸನೆ ಬಂತು, ಸಭಾಂಗಣ ಬರಿದಾಯಿತು. ಅವನು ಊಟದ ಹಾಲಿಗೆ ಓಡಿದ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಒಬ್ಬೊಬ್ಬರ ಹಿಂದೆಯೂ ಹೋಗಿ, ತಾನು ಯಾರ ಹೆಂಡತಿಯ ಆರೋಗ್ಯ ವಿಚಾರಿಸಿದ್ದನೋ, ಯಾರ ಮಗನ ಸೀಟಿಗೆ ಓಡಾಡಿದ್ದನೋ ಅವರನ್ನೆಲ್ಲ "ಐದೇ ನಿಮಿಷ ಬನ್ನಿ ಸಾರ್" ಎಂದು ಬೇಡಿಕೊಂಡ. ಎಲ್ಲರೂ ಹೆಗಲ ಮೇಲೆ ಕೈ ಹಾಕಿದರು. "ನಿಮ್ಮ ಮಾತು ಮೀರ್ತೀವಾ? ಮುಂದಿನ ವರ್ಷ ಖಂಡಿತ," ಎಂದರು. ಇಬ್ಬರನ್ನು ಎಳೆದುಕೊಂಡು ಬರುವಷ್ಟರಲ್ಲಿ ಕೋರಂ ಇಲ್ಲವೆಂದು ಅಧ್ಯಕ್ಷರು ಸಭೆ ಮುಗಿಸಿದ್ದರು. ಕೊನೆಯ ಸಾಲಿನಲ್ಲಿ ಬಿಳಿ ರಿಬ್ಬನ್ನಿನವರು ಮಾತ್ರ ಕೂತಿದ್ದರು. ಕುರ್ಚಿ ಮಡಚಬೇಕಿತ್ತಲ್ಲ.

ಬಸ್ಸಿನಲ್ಲಿ ಅವಳು, "ನೀವು ಪುಕ್ಕಲರು," ಎಂದಳು.

"ಸಂಘ ಉಳೀಬೇಕಲ್ವೇನೆ."

"ಯಾರಿಗೆ?"

ಅವನು ಮನೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಿನ್ನೆ. ಸಭಾಂಗಣದಲ್ಲಿ ಕುರ್ಚಿಯ ಸಾಲು ಎಳೆಯುತ್ತ, ಅವಳ ಮುಖ ನೋಡದೆ, "ಈ ಸಲ ನಿಮ್ಮ ಠರಾವು ಮೊದಲನೇದು. ಅಚ್ಚಾಗಿ ಎಲ್ಲರ ಕೈಗೂ ಹೋಗಿದೆ. ಮುನಿಸ್ಕೊಳ್ಳೋರು ಮುನಿಸ್ಕೊಳ್ಳಲಿ," ಎಂದ. ಅವಳಿಗೆ ಆಗಲೇ ಏನಾದರೂ ಹೇಳಬೇಕಿತ್ತು. ಮಾತು ಹುಡುಕುತ್ತಿರುವಾಗ ಅವನು ಸುಸ್ತು ಅಂತ ಕೂತುಬಿಟ್ಟ.

* * *

ಅಧ್ಯಕ್ಷರು ಮೆಟ್ಟಿಲ ಮೇಲಿಂದ ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ, ಅಗಲಿದ ಗೆಳೆಯರ ಕೊನೆ ಆಸೆ ಇವತ್ತಿನ ಸಭೆ ನಡೀಬೇಕು ಅನ್ನೋದು. ಅವರ ಸನ್ನಿಧಿಯಲ್ಲೇ ಅದನ್ನ ನಡೆಸಿಬಿಟ್ರೆ ಅದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇಲ್ಲ. ಒಂದೇ ವಿಷಯ, ಎರಡೇ ನಿಮಿಷ."

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಯಾರೋ "ಇಲ್ಲೇನಾ?" ಎಂದರು, ಇನ್ಯಾರೋ "ಆಗ್ಲಿ ಬಿಡ್ರಿ, ಮತ್ತೆ ಯಾರು ಬರ್ತಾರೆ," ಎಂದರು. ಎದ್ದು ಹೋದವರು ಯಾರೂ ಇಲ್ಲ. ಸಾವಿನ ಮನೆಯಿಂದ ಹೆಣ ಹೊರಡುವ ಮೊದಲು ಏಳುವುದು ಹೇಗೆ? ಅವನು ಬದುಕಿರುವಾಗ ಕಾಣದ ಶಿಸ್ತು ಇವತ್ತು ಎಲ್ಲರಿಗೂ ಬಂದಿತ್ತು.

ಕಾನೂನು ಕಾಲೇಜಿನವರು ಪೆನ್ನು ತೋರಿಸುತ್ತ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ತಮ್ಮನ್ನೂ ಅಧ್ಯಕ್ಷರನ್ನೂ ಸೇರಿಸಿಕೊಂಡರು.

"ನಲವತ್ತೊಂಬತ್ತು ಸಾರ್. ಕೋರಂಗೆ ಒಬ್ಬರು ಕಡಿಮೆ."

ಅಧ್ಯಕ್ಷರ ಮುಖ ಇಳಿಯಿತು. ಆಗ ಕಾನೂನು ಕಾಲೇಜಿನವರು ಹಜಾರದತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಒಂದು ದಾರಿ ಇದೆ. ಸದಸ್ಯರು ತೀರಿಕೊಂಡ್ರೆ ಅದನ್ನ ಸಮಿತಿ ಮುಂದಿಟ್ಟು, ಹೆಸರು ತೆಗೀಬೇಕು ಅಂತ ನಿಯಮ. ಅಲ್ಲೀವರೆಗೆ ಅವರು ಸದಸ್ಯರೇ. ನಮ್ಮ ಗ್ರಂಥಾಲಯದಲ್ಲಿ ಕಳೆದುಹೋದ ಪುಸ್ತಕ ಇಲ್ವಾ ಸಾರ್? ರದ್ದು ಮಾಡೋವರೆಗೂ ಲೆಕ್ಕದಲ್ಲಿ ಇದ್ದೇ ಇರತ್ತೆ."

"ಅದೂ ಸರಿ. ಮತ್ತೆ ಅವರು ಇಲ್ಲೇ ಇದ್ದಾರಲ್ಲ," ಎಂದರು ಅಧ್ಯಕ್ಷರು.

ಮುಂದಿನ ಸಾಲಿನವರಿಗೆ ಇದು ಕೇಳಿಸಿತು. ಒಬ್ಬರು ತಲೆ ಬಗ್ಗಿಸಿದರು. ಉಳಿದವರಿಗೆ ಈ ತರ್ಕ ಸರಿಯೆಂದೇ ಕಂಡಿತು; ಕಳೆದ ಪುಸ್ತಕವನ್ನು ಕಪಾಟಿನಲ್ಲಿದೆ ಎಂದೇ ವರ್ಷಗಟ್ಟಲೆ ಎಣಿಸಿದವರು ಅವರೆಲ್ಲ.

ಅವಳು ಎದ್ದು ಬಾಗಿಲಿಗೆ ಬಂದಳು.

"ಅವರನ್ನ ಎಣಿಸಿದ್ರಾ?"

"ಅದು ಅವರಿಗೆ ಸಲ್ಲೋ ಗೌರವ ತಾಯಿ," ಎಂದರು ಅಧ್ಯಕ್ಷರು.

"ಸಂತೋಷ. ಹಾಗಾದ್ರೆ ಅವರ ಠರಾವನ್ನೂ ತಗೊಳ್ಳಿ. ಅದೇ ಮೊದಲನೇದು ಅಂತ ಅಚ್ಚಾಗಿದೆ."

ಅಧ್ಯಕ್ಷರು ಕಾನೂನು ಕಾಲೇಜಿನವರನ್ನು ನೋಡಿದರು.

"ಮೇಡಂ, ಠರಾವು ಅಂದ ಮೇಲೆ ಅದನ್ನ ಮಂಡಿಸೋರು ಎದ್ದು ನಿಂತು ಮಂಡಿಸಬೇಕು. ಅವರಿಲ್ಲದೇ ಇದ್ರೆ ಅದು ಬಿದ್ದು ಹೋಗತ್ತೆ," ಎಂದರು ಅವರು, ಬಹಳ ಮೆತ್ತಗೆ.

"ಎಣಿಸೋಕೆ ಇದ್ದಾರೆ, ಮಂಡಿಸೋಕೆ ಇಲ್ಲವಾ?"

"ಹಾಜರಿರೋದು ಬೇರೆ, ಮಂಡಿಸೋದು ಬೇರೆ ಮೇಡಂ."

"ಹಾಗಾದ್ರೆ ನಾನು ಮಂಡಿಸ್ತೀನಿ."

"ಅದು..." ಕಾನೂನು ಕಾಲೇಜಿನವರು ಕನ್ನಡಕ ಒರೆಸಿಕೊಂಡರು. "ತಾವು ಸಹ ಸದಸ್ಯರು. ಸಭೆಯಲ್ಲಿ ಮಾತಾಡೋ ಅವಕಾಶ ಇಲ್ಲ. ನಿಯಮ ನಾನು ಮಾಡಿದ್ದಲ್ಲ."

ಅವಳು ಅಂಗಳದ ಉದ್ದಕ್ಕೂ ನೋಡಿದಳು. ಎಲ್ಲ ಮುಖವೂ ಪರಿಚಯದ್ದೇ. ಇವರ ಮಂಡಿನೋವು, ಇವರ ಸಾಲ, ಇವರ ಸೊಸೆಯ ಜಗಳ ಎಲ್ಲ ಅವಳು ಗಂಡನ ಫೋನಿನಲ್ಲಿ ಕೇಳಿದ್ದಳು. ಬೆಳಿಗ್ಗೆ ಬಿಕ್ಕಿ ಅತ್ತಿದ್ದ ವಯಸ್ಸಾದವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಅವಳಿಗೆ ಸಿಟ್ಟು ಬಂತು, ಇವರ ಮೇಲಲ್ಲ, ಒಳಗೆ ಮಲಗಿದವನ ಮೇಲೆ. ಇಂಥವರು ಮುನಿಸಿಕೊಂಡಾರು ಎಂದು ಇಷ್ಟು ವರ್ಷ ಹೆದರಿದನಲ್ಲ! ಈಗ ತನ್ನ ಠರಾವಿಗೇ ಮಣ್ಣು ಹಾಕಲು ಐವತ್ತನೆಯವನಾಗಿ ಮಲಗಿದ್ದಾನಲ್ಲ!

"ಸರಿ. ಮಾತಾಡಲ್ಲ," ಎಂದಳು. ಹಜಾರದಲ್ಲಿ ನಿಂತಿದ್ದ ತನ್ನ ತಮ್ಮನ ಕಡೆ ತಿರುಗಿ, "ಎತ್ತೋ. ಹೊರಡೋಣ," ಎಂದಳು.

"ಈಗ್ಲೇನಾ ಅಕ್ಕ?"

"ಈಗ್ಲೇ. ಅವರು ಇಲ್ಲಿದ್ರೆ ತಾನೆ ಎಣಿಸೋದು?"

ವ್ಯಾನು ಗಲ್ಲಿಯೊಳಗೆ ಬರುವಂತಿರಲಿಲ್ಲ, ರಸ್ತೆಯಲ್ಲೇ ನಿಂತಿತ್ತು. ಡ್ರೈವರು ಒಳಗೆ ಬಂದು ಅಂಗಳ ನೋಡಿ ತಲೆ ಕೆರೆದುಕೊಂಡ. "ಕುರ್ಚಿ ಇಷ್ಟು ಒತ್ತಾಗಿದ್ರೆ ಕೆಳಗೆ ಹಿಡ್ಕೊಂಡು ಹೋಗೋಕಾಗಲ್ಲಮ್ಮ. ಹೆಗಲ ಮೇಲೇ ಹೋಗಬೇಕು. ನಾಲ್ಕು ಜನ ಬೇಕು."

ತಮ್ಮ, ಡ್ರೈವರು, ಮಗಳು. ತಮ್ಮ ಬಾಗಿಲಿಂದ, "ಸಾರ್, ಒಬ್ಬರು ಬನ್ನಿ, ಒಂದು ಕೈ ಕೊಡಿ," ಎಂದ. ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ!" ಅಧ್ಯಕ್ಷರು ಎರಡೂ ಕೈ ಬೀಸಿದರು. "ಎದ್ರೆ ಎಣಿಕೆ ತಪ್ಪತ್ತೆ. ಒಂದು ನಿಮಿಷ ತಡೀರಿ, ಆಮೇಲೆ ಎಲ್ಲರೂ ಸೇರಿ ಹೊರೋಣ. ತಿದ್ದುಪಡಿಗೆ ಒಪ್ಪಿಗೆ ಇರೋರು ಕೈ ಎತ್ತಿ. ಬೇಗ."

ಎದ್ದವರಿಬ್ಬರೂ ಕೂತರು. ಕೈಗಳು ಎದ್ದವು. ಮೊದಲು ಮುಂದಿನ ಸಾಲು, ಆಮೇಲೆ ಅಲ್ಲೊಂದು ಇಲ್ಲೊಂದು, ಕೊನೆಗೆ ಎಲ್ಲವೂ.

ಅವಳು ಸ್ಟ್ರೆಚರಿನ ಹಿಂದಿನ ಮೂಲೆಗೆ ಹೋಗಿ ನಿಂತು ಹೆಗಲು ಕೊಟ್ಟಳು. "ಅಮ್ಮಾ, ನಿನ್ನ ಕೈಲಾಗಲ್ಲ," ಎಂದಳು ಮಗಳು. ಅವಳು ಕೇಳಿಸಿಕೊಳ್ಳಲಿಲ್ಲ. ಬಡಕಲು ದೇಹ, ಆದರೂ ಎಷ್ಟು ಭಾರ. ಜಾರದಂತೆ ಒಂದು ಕೈ ಮೇಲೆತ್ತಿ ಸ್ಟ್ರೆಚರಿನ ಕಂಬಿ ಹಿಡಿದಳು. ನಾಲ್ವರೂ ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ಸಂದಿಯಲ್ಲಿ ಹೆಜ್ಜೆಯಿಟ್ಟರು. ಅಂಚಿನಲ್ಲಿ ಕೂತವರು ಮಂಡಿ ಒಳಗೆಳೆದುಕೊಂಡು ದಾರಿ ಬಿಟ್ಟರು. ಎತ್ತಿದ ಕೈಗಳಿಗೆ ಬಿಳಿ ಬಟ್ಟೆಯ ಅಂಚು ತಾಗಿಕೊಂಡು ಹೋಯಿತು. ಯಾರೂ ಕೈ ಇಳಿಸಲಿಲ್ಲ.

"ನಲವತ್ತೆಂಟು, ನಲವತ್ತೊಂಬತ್ತು..." ಕಾನೂನು ಕಾಲೇಜಿನವರ ಪೆನ್ನು ಗಾಳಿಯಲ್ಲಿ ನಿಂತಿತು. "ಸಾರ್, ಅವರು ಹೊರಟೇಬಿಟ್ರಲ್ಲ."

"ಸರಿಯಾಗಿ ಎಣಿಸ್ರೀ," ಎಂದರು ಅಧ್ಯಕ್ಷರು ಹಲ್ಲು ಕಚ್ಚಿ.

ಪೆನ್ನು ಅಂಗಳದ ಮೇಲೆ ಮತ್ತೊಮ್ಮೆ ಸುತ್ತಿತು. ಸ್ಟ್ರೆಚರಿನ ಬಳಿ ಬಂದು ಡ್ರೈವರನ್ನು ಬಿಟ್ಟಿತು, ತಮ್ಮನನ್ನು ಬಿಟ್ಟಿತು, ಮಗಳನ್ನು ಬಿಟ್ಟಿತು. ಹಿಂದಿನ ಮೂಲೆಯಲ್ಲಿ ಮೇಲೆದ್ದಿದ್ದ ಅವಳ ಕೈಯ ಮೇಲೆ ನಿಂತಿತು.

"ಐವತ್ತು," ಎಂದರು ಕಾನೂನು ಕಾಲೇಜಿನವರು.

"ಸರ್ವಾನುಮತ," ಎಂದರು ಅಧ್ಯಕ್ಷರು.

ಅವಳಿಗೆ ಕೇಳಿಸಿತು. ಕೈ ಇಳಿಸಬೇಕೆಂದುಕೊಂಡಳು. ಇಳಿಸುವ ಹಾಗಿರಲಿಲ್ಲ, ಗಂಡ ಮೇಲಿದ್ದ. ಎತ್ತಿದ ಕೈ ಹಾಗೇ ಇಟ್ಟುಕೊಂಡು ಅವಳು ಗೇಟು ದಾಟಿದಳು.